ಹುಲಿಯ ಬೆನ್ನಿನ ಹಸಿ ಬಣ್ಣ

ಪಕ್ಕದ ಮನೆಯ ಗೇಟಿಗೆ ಬಳಿದ ಬಣ್ಣದ ವಾಸನೆ ಈಗ ಅಡುಗೆಮನೆಗೆ ಬಂದರೂ ಸಾಕು, ನಾನು ಬೆಳೆದ ಶಕ್ತಿನಗರದ ಆ ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತದೆ.

ನವರಾತ್ರಿಯ ಹರಕೆಗೆ ಅಪ್ಪ ಹುಲಿವೇಷ ಹಾಕಿದ್ದರು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಭಾರದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಎತ್ತುವ ಅವರೇ ಊರಿಗೆಲ್ಲ ಹೀರೋ. ಮೈಯ ಬಣ್ಣ ಒಣಗಲೆಂದು ಕೋಲು ಹಿಡಿದು ಕೈ ಚಾಚಿ ನಿಂತಿದ್ದಾಗ ನಾನು ಬೆನ್ನಿನ ಹಸಿ ಪಟ್ಟೆಯನ್ನು ಮುಟ್ಟಿಬಿಟ್ಟೆ. ಅಪ್ಪ ತಿರುಗಿ ಕೋಲೆತ್ತಿದರು. ತಾಸೆ ಬಾರಿಸುತ್ತಿದ್ದವರ ಕೈ ನಿಂತಿತು. ಏಟು ಬೀಳಲಿಲ್ಲ, ದೇವರು ದೊಡ್ಡವನು. ಕೋಲು ಎಸೆದು ಅಪ್ಪನೇ ನನ್ನಿಂದ ಹಿಂದೆ ಸರಿದರು.

"ಎಂತ ಇದು, ನಿಮ್ಮ ಮಗಳಲ್ವಾ?" ಎಂದರು ಅಮ್ಮ.

"ಇವಳನ್ನು ಒಳಗೆ ಕರ್ಕೊಂಡು ಹೋಗು, ಚಿಲಕ ಹಾಕು. ಹುಲಿ ಬರುವುದು ನವರಾತ್ರಿಗೆ ಮಾತ್ರ. ಈ ಸಿಟ್ಟು ವರ್ಷವಿಡೀ ನನ್ನೊಳಗೆ ಉಂಟು."

ಅಮ್ಮ ಅದನ್ನು ಮೊದಲ ಸಲ ಕೇಳಿದವರಂತೆ ಕಾಣಲಿಲ್ಲ. ನನ್ನನ್ನು ಕೋಣೆಯೊಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ, ಅರ್ಧ ತುರಿದಿದ್ದ ತೆಂಗಿನಕಾಯಿಯನ್ನು ಮತ್ತೆ ತುರಿಯಲು ಕೂತರು.