ಅಜ್ಜಿ ಕೋಟು

ಕೋಟು ತೊಟ್ಟ ಹುಡುಗಿ ಮೆಟ್ಟಿಲ ನಡುವೆ ನಿಂತುಬಿಟ್ಟಳು. ಮೊಣಕಾಲಿಗೆ ಬಿಗಿದ ಪಟ್ಟಿ ಕಾಲು ಮಡಚಲು ಬಿಡುತ್ತಿರಲಿಲ್ಲ. ಎದೆಯ ಜೇಬುಗಳಲ್ಲಿದ್ದ ಮರಳು ಮುಂದಕ್ಕೆ ಜಗ್ಗುತ್ತಿತ್ತು. ಮಸುಕು ಕನ್ನಡಕ, ಮೇಲೆ ಕಿವಿಗೆ ಮುಚ್ಚಳ ಬೇರೆ.

ಮಕ್ಕಳ ಮ್ಯೂಸಿಯಂ ಬಾಗಿಲು ತೆರೆಯುವುದು ಮುಂದಿನ ತಿಂಗಳು. ಅಲ್ಲಿಟ್ಟದ್ದೆಲ್ಲ ಮಕ್ಕಳ ಕೈಗೆ ಸಿಕ್ಕರೆ ಉಳಿಯುತ್ತದೋ ಇಲ್ಲವೋ ಮೊದಲೇ ನೋಡಿಬಿಡೋಣವೆಂದು ಹತ್ತಿರದ ಶಾಲೆಯಿಂದ ಒಂದು ತರಗತಿಯನ್ನು ಕರೆಸಿದ್ದರು. ನೀರೆತ್ತುವ ಚಕ್ರದ ಹಿಡಿ ಆಗಲೇ ಕಿತ್ತು ಬಂದಿತ್ತು. ನೆರಳಿನ ಕೋಣೆಯಲ್ಲಿ ಇಬ್ಬರು ಜುಟ್ಟು ಹಿಡಿದುಕೊಂಡಿದ್ದರು. ಆದರೆ ಉದ್ದದ ಸಾಲು ಇದ್ದದ್ದು ಕೋಟಿನ ಮುಂದೆ. ಫಲಕದ ಮೇಲೆ ‘ಎಂಬತ್ತು ವರ್ಷದ ನಾನು’ ಎಂದು ಬರೆದಿದ್ದರೂ ಮಕ್ಕಳು ಬಂದ ಗಳಿಗೆಯಲ್ಲೇ ಅದಕ್ಕೆ ಅಜ್ಜಿ ಕೋಟು ಎಂದು ನಾಮಕರಣ ಮಾಡಿ ಮುಗಿಸಿದ್ದರು.

ಅದನ್ನು ರೂಪಿಸಿದ ವಿನ್ಯಾಸಗಾರ್ತಿಗೆ ಒಳಗೊಳಗೇ ಹಿಗ್ಗು. ಕೋಟಿನ ಒಂದೊಂದು ಅಳತೆಯೂ ಅವಳ ತಾಯಿಯದು. ಚಳಿಗಾಲವಿಡೀ ಸಂಜೆಹೊತ್ತು ತಾಯಿಯ ಎದುರು ಕೂತು, ಬೀಗ ತೆಗೆಸಿ, ಗುಂಡಿ ಹಾಕಿಸಿ, ಮೆಟ್ಟಿಲು ಹತ್ತಿಸಿ, ಬೆರಳು ಎಲ್ಲಿ ನಡುಗುತ್ತದೆ, ಮೊಣಕಾಲು ಎಲ್ಲಿ ಹಿಡಿದುಕೊಳ್ಳುತ್ತದೆ ಎಂದು ನೋಡಿಕೊಂಡಿದ್ದಳು. ಕೆಲಸ ಮುಗಿದ ದಿನ ತಾಯಿ, “ಇಷ್ಟೇನಾ? ಸೂಜಿಗೆ ದಾರ ಪೋಣಿಸೋದು ನೋಡೋದಿಲ್ವಾ?” ಎಂದು ಕೇಳಿದ್ದರು. ಅದು ಬೇಕಾಗಿರಲಿಲ್ಲ. ಆಮೇಲಿನ ಸಂಜೆಗಳು ಫಲಕ ಬರೆಯುವುದರಲ್ಲೇ ಕಳೆದುಹೋದವು.

ಈ ಹುಡುಗಿಗಿಂತ ಮೊದಲು ಕೋಟು ತೊಟ್ಟವರೆಲ್ಲ ಎರಡು ಹೆಜ್ಜೆ ಕುಂಟಿ, ಕೆಮ್ಮಿ, ನಗಾಡಿ ಬಿಚ್ಚಿ ಎಸೆದಿದ್ದರು. ಇವಳು ಮಾತ್ರ ಕಂಬಿ ಹಿಡಿದು ನಿಧಾನವಾಗಿ ಕೆಳಗಿಳಿದು ಬಂದು ಬೆಂಚಿನ ಮೇಲೆ ಕೂತಳು. ಕೂತವಳು ಏಳಲಿಲ್ಲ. ವಿನ್ಯಾಸಗಾರ್ತಿಗೆ ಗಾಬರಿಯಾಗಿ, ಹುಡುಗಿಗೆ ಸುಸ್ತಾಯಿತೇನೋ, ನೀರು ಬೇಕೇನೋ ಎಂದು ಟೀಚರನ್ನು ವಿಚಾರಿಸಿದಳು. ಟೀಚರ್ ಪಕ್ಕದಲ್ಲಿದ್ದ ಗೆಳತಿಯನ್ನು ವಿಚಾರಿಸಿದರು. ಗೆಳತಿ, ಅವಳಿಗೆ ಸಾಕಾಗಿದೆ ಎಂದು ತಾನೇ ಉತ್ತರ ಕೊಟ್ಟಳು.

ಹುಡುಗಿ ಕಿವಿಯ ಮುಚ್ಚಳ ತೆಗೆದಳು. ಕೋಟು ಹೇಗಿತ್ತು ಎಂದು ವಿನ್ಯಾಸಗಾರ್ತಿ ಪಕ್ಕದಲ್ಲಿ ಕೂತು ಕೇಳಿದಳು.

“ಭಾರ ಸರಿಯಾಗಿದೆ, ಆಂಟಿ. ಕಣ್ಣೂ ಸರಿಯಾಗೇ ಕಾಣಿಸಲ್ಲ.”

“ಮತ್ಯಾಕೆ ಕೂತ್ಬಿಟ್ಟೆ? ಕಾಲು ನೋವಾ?”

“ನೋವೇನಿಲ್ಲ, ಸುಮ್ನೆ ಕೂತೆ. ನೀವು ಮಿಸ್‌ನ ಕೇಳಿದ್ರಿ, ಮಿಸ್ ಇವಳನ್ನ ಕೇಳಿದ್ರು. ನಾನು ಇಲ್ಲೇ ಇದ್ದೆ, ನನ್ನನ್ನ ಯಾರೂ ಕೇಳ್ಲಿಲ್ಲ.” ಅವಳ ದನಿಯಲ್ಲಿ ದೂರೇನೂ ಇರಲಿಲ್ಲ, ಚಕ್ರದ ಹಿಡಿ ಕಿತ್ತುಬಂತು ಎಂದು ಹೇಳಿದಷ್ಟೇ ಸಹಜವಾಗಿತ್ತು. “ಅದೂ ಕೋಟಲ್ಲೇ ಬರುತ್ತಾ, ಆಂಟಿ?”

ವಿನ್ಯಾಸಗಾರ್ತಿ ಹುಡುಗಿಯ ಕೆನ್ನೆ ಸವರಿ ನೇರ ಮುಖ್ಯಸ್ಥರ ಕೋಣೆಗೆ ಹೋದಳು. ನಡೆದದ್ದನ್ನು ಕೇಳಿ ಅವರೂ ಕನ್ನಡಕ ತೆಗೆದು ಒರೆಸಿಕೊಂಡರು, ಉದ್ಘಾಟನೆಯ ಭಾಷಣದಲ್ಲಿ ಈ ಪ್ರಸಂಗ ಹೇಳಲೇಬೇಕು ಎಂದರು. ಮಕ್ಕಳ ಬಸ್ಸು ಹೊರಡುವಷ್ಟರಲ್ಲಿ ಹೊಸ ಫಲಕದ ಸಾಲು ಬಣ್ಣದವನ ಕೈ ಸೇರಿತ್ತು: ‘ಹಿರಿಯರ ಬಗ್ಗೆ ಇನ್ನೊಬ್ಬರನ್ನು ಕೇಳಬೇಡಿ. ಅವರನ್ನೇ ಮಾತನಾಡಿಸಿ.’ ಅಕ್ಷರ ದೊಡ್ಡದಾಗಿರಲಿ, ಮಕ್ಕಳ ಕಣ್ಣಿನ ಮಟ್ಟಕ್ಕೇ ಇರಲಿ ಎಂದು ಅವಳು ಎರಡೆರಡು ಸಲ ಹೇಳಿದಳು.

ಬಣ್ಣ ಬಳಿಯುವುದನ್ನು ನೋಡುತ್ತ ನಿಂತು ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಗಂಡ. ಹುಡುಗಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಎಂಥಾ ಮಗು ನೋಡು ಎಂದು ಅವನೂ ಬೆರಗಾದ. ತಾನು ಬರುವುದು ಸ್ವಲ್ಪ ತಡವಾಗುತ್ತದೆ ಎಂದವಳು, ಇಡುವ ಮುಂಚೆ ನೆನಪಾಗಿ ಕೇಳಿದಳು:

“ಅಮ್ಮನ ಮಂಡಿ ನೋವು ಹೇಗಿದೆಯಂತೆ?”

“ಇಲ್ಲೇ ನನ್ನ ಪಕ್ಕದಲ್ಲೇ ಕೂತಿದಾರೆ. ಕೊಡ್ಲಾ?”

“ಬೇಡ ಬಿಡಿ, ಕೆಲಸ ಇದೆ. ನೀವೇ ಕೇಳಿ ಹೇಳಿ.”