ಕುಂಟದ ಕುದುರೆ

ಕಂಪ್ಯೂಟರ್ ಆಟಗಳ ಒಳಮರ್ಮ ಪೂರ್ತಿ ತಿಳಿಯದೆ ಈ ಕಥೆ ಹೇಳಹೊರಟದ್ದು ಉದ್ಧಟತನವೇ ಸರಿ, ತಿಳಿದವರು ಕ್ಷಮಿಸಬೇಕು.

ವಿಮರ್ಶಕರ ಕಾರು ಗೇಟಿನೊಳಗೆ ಬಂದಾಗ ಹಗುರಯ್ಯ ಮೆಟ್ಟಿಲ ಮೇಲೆ ನಿಂತು, ತಾನು ಇನ್ನೂ ಹೇಳದ ಸುಳ್ಳಿಗೆ ಆಗಲೇ ಬೆವರುತ್ತಿದ್ದ.

ಹಗುರಯ್ಯ ಎಂಬುದು ಜೊತೆಯವರು ಇಟ್ಟ ಹೆಸರು. ಆಟವನ್ನು ಹಗುರ ಮಾಡುವುದು, ಅಂದರೆ ಸಾಧಾರಣ ಕಂಪ್ಯೂಟರಿನಲ್ಲೂ ಅದು ತಡೆಯಿಲ್ಲದೆ ಓಡುವಂತೆ ನೋಡಿಕೊಳ್ಳುವುದು, ಆಟ ತಯಾರಿಸುವ ಆ ಆಫೀಸಿನಲ್ಲಿ ಅವನ ಕೆಲಸ. ಅವನು ಮಾಡದ ಪ್ರಯತ್ನವಿರಲಿಲ್ಲ. ಕಾಡಿನ ಮರಗಳಿಂದ ಎಲೆ ಕಿತ್ತ. ಹೊಳೆಯಿಂದ ಮೀನು ತೆಗೆದ. ನಾಯಕನ ಕುದುರೆಯ ಬಾಲವನ್ನು ಅರ್ಧ ಬೋಳಿಸಿದ. ಆದರೂ ಯಜಮಾನರ ಭಾರೀ ಯಂತ್ರದಲ್ಲಿ ಬಾಣದಂತೆ ಹೋಗುವ ಕುದುರೆ, ಜನ ಮನೆಯಲ್ಲಿ ಇಟ್ಟುಕೊಳ್ಳುವಂಥ ಕಂಪ್ಯೂಟರಿಗೆ ಬಂದರೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು. ನಿಂತು ಯೋಚಿಸುತ್ತಿತ್ತು. ಆಮೇಲೆ ಮತ್ತೊಂದು ಹೆಜ್ಜೆ. ಫ್ಯಾನು ಮಾತ್ರ ವಿಮಾನ ಏರುವ ಹಾಗೆ ಕೂಗುತ್ತಿತ್ತು.

ವಿಮರ್ಶಕರೋ, ಸಾಧಾರಣ ಕಂಪ್ಯೂಟರಿನಲ್ಲಿ ನೋಡದೆ ಯಾವ ಆಟದ ಬಗ್ಗೆಯೂ ಬರೆಯದ ಮನುಷ್ಯ. "ಅವರು ಬೈದು ಬರೆದ್ರೆ ಈ ಆಫೀಸಿಗೆ ಬೀಗ," ಎಂದಿದ್ದರು ಯಜಮಾನರು. "ನನ್ನ ಜೊತೆ ನೀವೆಲ್ಲ ಬೀದಿಗೆ."

ಅದಕ್ಕೇ ಉಪಾಯ ಹೂಡಿದ್ದರು. ಯಜಮಾನರ ಯಂತ್ರದಲ್ಲಿ ಹಗುರಯ್ಯ ಆಡಿದ್ದನ್ನು ವಿಡಿಯೊ ಮಾಡಿ ಸಾಧಾರಣ ಕಂಪ್ಯೂಟರಿಗೆ ತುಂಬುವುದು. ವಿಮರ್ಶಕರು ಬರುವ ಹೊತ್ತಿಗೆ ಸದ್ದಕ್ಕ ಅದನ್ನು ಶುರು ಮಾಡಿಡುವುದು. ಹಗುರಯ್ಯ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ ತಾನೇ ಆಡುತ್ತಿರುವಂತೆ ನಟಿಸುವುದು. ಸದ್ದಕ್ಕ ಅಂದರೆ ಆಟಕ್ಕೆ ಗುಡುಗು, ಗೊರಸಿನ ಸಪ್ಪಳ ಕೂಡಿಸುವವಳು. ಅವಳದು ಪಕ್ಕದ ಗಾಜಿನ ಕೋಣೆ. ಒಳಗೆ ಕಿರುಚಿದರೂ ಹೊರಗೆ ಕೇಳದು.

"ನಂಗೆ ಹೆದರಿಕೆ ಆಗ್ತಿದೆ ಅಕ್ಕ," ಎಂದಿದ್ದ ಹಗುರಯ್ಯ ಬೆಳಿಗ್ಗೆ.

"ನಿಂಗೆ ಲಿಫ್ಟ್ ಹತ್ತೋಕೂ ಹೆದರಿಕೆ. ಸುಮ್ನಿರೋ."

ವಿಮರ್ಶಕರನ್ನು ಕರೆದುಕೊಂಡು ಒಳಗೆ ಬಂದಾಗ ಪರದೆಯ ಮೇಲೆ ಕುದುರೆ ಹೊಳೆಯ ದಂಡೆಯಲ್ಲಿ ನಿಂತಿತ್ತು. ಗಾಜಿನಾಚೆಯಿಂದ ಸದ್ದಕ್ಕ ಎರಡೂ ಕೈ ಬೀಸಿ ತಲೆಯಾಡಿಸಿದಳು. ಎಲ್ಲ ಸರಿಯಿದೆ, ಹೆದರಬೇಡ ಎನ್ನುತ್ತಿದ್ದಾಳೆ. ಹಗುರಯ್ಯ ಧೈರ್ಯ ತಂದುಕೊಂಡು ಕುರ್ಚಿ ಎಳೆದ.

ವಿಮರ್ಶಕರು ಅದರಲ್ಲಿ ಕೂತೇಬಿಟ್ಟರು. "ನೀವಾಡೋದನ್ನ ನಾನ್ಯಾಕೆ ನೋಡ್ಲಿ? ನಾನೇ ಆಡ್ತೀನಿ."

ಯಜಮಾನರ ಮುಖ ಸುಣ್ಣವಾಯಿತು. "ಸರ್, ಮೊದ್ಲು ಒಂದು ಕಾಫಿ..."

"ಆಮೇಲೆ ಕುಡಿಯೋಣ ಬಿಡಿ."

ಯಜಮಾನರು ಕಣ್ಣು ಮುಚ್ಚಿಕೊಂಡು ಏನೋ ಜಪಿಸತೊಡಗಿದರು. ಹಗುರಯ್ಯನಿಗೆ ಪರದೆ ನೋಡುವ ಎದೆಗಾರಿಕೆ ಬರಲಿಲ್ಲ. ವಿಮರ್ಶಕರ ಬೂಟಿನ ಮೇಲೆ ಕಣ್ಣು ನೆಟ್ಟು ಬೈಗುಳಕ್ಕೆ ಕಾದ. ಕೀಬೋರ್ಡು ಟಕಟಕ ಎಂದಿತು. ಗೊರಸಿನ ಸಪ್ಪಳ ಎಲ್ಲೂ ಕಡಿಯದೆ ಕೇಳಿಬಂತು.

"ಆಹಾ!" ಎಂದರು ವಿಮರ್ಶಕರು. "ಬೆಣ್ಣೆ ಕಣ್ರೀ, ಬೆಣ್ಣೆ! ಬೆರಳು ತಾಗೋದೇ ತಡ, ತಿರುಗುತ್ತೆ!"

ಹಗುರಯ್ಯ ಬೆಚ್ಚಿದ. ಗಾಡಿಯ ಕೆಳಗೆ ನಡೆಯುವ ನಾಯಿ ಗಾಡಿಯನ್ನು ತಾನೇ ಎಳೆಯುತ್ತಿದ್ದೇನೆ ಅಂದುಕೊಳ್ಳುತ್ತದಂತೆ. ಇಷ್ಟು ದೊಡ್ಡ ಮನುಷ್ಯರಿಗೂ ಆ ಭ್ರಮೆಯೇ?

"ಅಯ್ಯೋ, ಹಳ್ಳಕ್ಕೆ ಬಿದ್ದೆ!" ಎಂದು ವಿಮರ್ಶಕರು ಗಹಗಹಿಸಿದರು.

ವಿಡಿಯೊ ಮಾಡುವಾಗ ಹಳ್ಳಕ್ಕೆ ಬಿದ್ದ ನೆನಪು ಹಗುರಯ್ಯನಿಗಿರಲಿಲ್ಲ. ಆದರೆ ಹೆದರಿಕೆಯಾದಾಗ ಅವನಿಗೆ ಸ್ವಂತ ಮದುವೆಯ ತಾರೀಖೂ ನೆನಪಿರುತ್ತಿರಲಿಲ್ಲ.

ಕೊನೆಗೆ ವಿಮರ್ಶಕರು ಆಟ ಮುಚ್ಚಿ, ಎದ್ದು, ಅವನ ಹೆಗಲು ತಟ್ಟಿದರು. "ಹಳೇ ಕಂಪ್ಯೂಟರ್ ಇಟ್ಕೊಂಡವರು ನನ್ ಮಾತು ನಂಬ್ತಾರೆ ತಮ್ಮಾ. ಕಣ್ಣು ಮುಚ್ಕೊಂಡು ತಗೊಳ್ಳಿ ಅಂತಾನೇ ಬರೀತೀನಿ."

ಯಜಮಾನರು ಕಣ್ಣು ಬಿಟ್ಟು ಅರಳಿದರು. ಹಗುರಯ್ಯನಿಗೆ ಮಾತ್ರ ಆ ನಂಬುವವರೆಲ್ಲ ತನ್ನೆದುರು ಸಾಲಾಗಿ ನಿಂತಂತಾಯಿತು.

"ಬರೀಬೇಡಿ ಸರ್," ಎಂದುಬಿಟ್ಟ. "ನೀವು ಆಡಿದ್ದು ಆಟ ಅಲ್ಲ. ಅದು ವಿಡಿಯೊ."

"ಅವ್ನಿಗೆ ಜ್ವರ ಸರ್," ಎಂದರು ಯಜಮಾನರು.

"ಜ್ವರ ಇಲ್ಲ ಸರ್. ನಾನೇ ಮಾಡಿದ ವಿಡಿಯೊ. ಇವರೇ ಮಾಡಿಸಿದ್ದು."

ವಿಮರ್ಶಕರು ಖಾಲಿ ಪರದೆ ನೋಡಿದರು. ತಮ್ಮ ಬೆರಳು ನೋಡಿಕೊಂಡರು. ಕಿವಿ ಕೆಂಪಾಯಿತು. "ನಂಗೆ ಆಗ್ಲೇ ಅನುಮಾನ ಬಂದಿತ್ತು!" ಎಂದು ಗುಡುಗಿದರು. "ಎಲ್ಲೋ ಏನೋ ಸರಿಯಿಲ್ಲ ಅಂತ ಮೊದಲ ಹೆಜ್ಜೆಗೇ ಗೊತ್ತಾಗಿತ್ತು! ಮೋಸದ ಬಗ್ಗೆನೂ ಬರೆಯೋಕೆ ಬರುತ್ತೆ ನಂಗೆ!" ಕಾಫಿ ಕುಡಿಯದೆ ಹೊರಟೇ ಹೋದರು.

ಯಜಮಾನರು ಕುಸಿದು ಕೂತರು. "ನಾಳೆಯಿಂದ ನೀನು ಬರ್ಬೇಡ. ನಾಳೆಯಿಂದ ನಾನೂ ಬರಲ್ಲ."

ಕೆಲಸ ಹೋಯಿತು. ಆದರೂ ಹಗುರಯ್ಯನ ಎದೆ ಬಹಳ ದಿನಗಳ ಮೇಲೆ ಹಗುರಾಗಿತ್ತು. ಗಾಜಿನ ಬಾಗಿಲು ತಳ್ಳಿಕೊಂಡು ಸದ್ದಕ್ಕ ಓಡಿಬಂದಳು.

"ಹೊಗಳಿದ್ರಾ? ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು!"

"ನಿಜ ಹೇಳ್ಬಿಟ್ಟೆ ಅಕ್ಕ. ಅದು ವಿಡಿಯೊ ಅಂತ."

ಸದ್ದಕ್ಕ ಅವನನ್ನು ಪಿಳಿಪಿಳಿ ನೋಡಿದಳು. "ಯಾವ ವಿಡಿಯೊನೋ? ಅದೂ ನಿನ್ನ ಆಟದ ಹಾಗೇ ಭಾರ, ಈ ಡಬ್ಬಾದಲ್ಲಿ ನಿಂತು ನಿಂತು ಓಡ್ತಿತ್ತು! ಬೇಡ, ಬೇಡ ಅಂತ ಅಷ್ಟು ಕೈ ಬೀಸಿದೆ, ನೀನು ನೋಡಿದ್ರೆ ಕುರ್ಚಿ ಎಳೀತಿದ್ದೆ. ಬೇರೆ ದಾರಿ ಕಾಣದೆ ಆಟಾನೇ ಹಾಕಿಟ್ಟಿದ್ದೆ ಕಣೋ. ಅವರು ಆಡಿದ್ದು ನಿನ್ನ ಆಟಾನೇ."

ಆಮೇಲೆ ಎಷ್ಟು ಸಲ ಹಾಕಿ ನೋಡಿದರೂ ಕುದುರೆ ಒಂದು ಹೆಜ್ಜೆ ಇಟ್ಟು ನಿಂತಿತು. ಅವತ್ತೊಂದು ದಿನ ಅದು ಯಾಕೆ ಓಡಿತು ಎಂಬುದು ಹಗುರಯ್ಯನಿಗೂ ಗೊತ್ತಿಲ್ಲ, ನನಗಂತೂ ಗೊತ್ತೇ ಇಲ್ಲ.