ತಂಗಿಯ ಬಾಗಿಲು

"ಅಳಿಸಿಬಿಡ್ಲಾ, ಅಕ್ಕಾ?" ವೆಬ್‌ಸೈಟ್ ಮಾಡಿಕೊಟ್ಟವಳ ಬೆರಳು ಮೌಸ್ ಮೇಲೆ ನಿಂತಿತು. ಪರದೆಯಲ್ಲಿ ಅಕ್ಕನ ಟೈಲರ್ ಅಂಗಡಿಯ ವೆಬ್ ವಿಳಾಸ. ಅದಕ್ಕೂ ಮೊದಲು 'ಕಸೂತಿ' ಎಂಬ ಪದ, ನಡುವೆ ಒಂದು ಚುಕ್ಕೆ. ಮುನಿಸಿಕೊಂಡು ಹೋಗಿ ಬೇರೆ ಅಂಗಡಿ ತೆರೆದ ತಂಗಿ ಇಲ್ಲಿದ್ದಾಗಿನ ಹಳೇ ಪುಟ ಅದು. "ಒಂದೇ ಮನೆಯ ಇನ್ನೊಂದು ಬಾಗಿಲು ಅಷ್ಟೇ. ಮುಚ್ಚಿದ್ರೆ ನಿಮ್ಮ ಅಂಗಡಿಗೇನೂ ಆಗಲ್ಲ."

ಅಕ್ಕ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ಆ ಬಾಗಿಲಿಗೆ ಬಂದೋರನ್ನ ಅವಳ ಹೊಸ ಸೈಟಿಗೆ ಕಳಿಸೋಕಾಗುತ್ತಾ?"

"ಆಗುತ್ತೆ. ಆದ್ರೆ ಗಿರಾಕಿಗಳನ್ನ ಕೈಯಾರೆ ಬಿಟ್ಟುಕೊಟ್ಟ ಹಾಗೆ."

"ಅವಳ ಕಸೂತಿ ಹುಡುಕಿಕೊಂಡು ಬಂದೋರು ನನ್ನ ಗಿರಾಕಿಗಳು ಹೇಗಾಗ್ತಾರೆ? ಕಳಿಸು." ಟೇಪು ಸುತ್ತುವುದು ನಿಂತಿತು. "ಅವಳಿಗೆ ಗೊತ್ತಾಗುತ್ತಾ?"

"ಈ ಹಳೇ ವಿಳಾಸಕ್ಕೆ ಅವಳೇ ಒಂದ್ಸಲ ಬಂದು ನೋಡಿದ್ರೆ."

"ಬರ್ತಾಳೆ," ಅಂದಳು ಅಕ್ಕ. "ನಾನು ಅಳಿಸಿದೀನಾ ಅಂತ ನೋಡೋಕಾದ್ರೂ ಬಂದೇ ಬರ್ತಾಳೆ."